ದೇವೀರಕ್ಕನ ಎಡಗಡೆ ಸೀಟಿನಲ್ಲಿ

ಪ್ಯಾಂ... ಪ್ಯಾಂ, ಪ್ಯಾಂ. ಒಂದು ಉದ್ದ, ಎರಡು ಗಿಡ್ಡ. ನಮ್ಮ ಗೇಟಿಗಿಂತ ಮೂರು ತಿರುವು ಕೆಳಗೆ ದೇವೀರಕ್ಕನ ಜೀಪಿನ ಆ ಹಾರನ್ ಕೇಳಿಸಿತೆಂದರೆ ನಮ್ಮ ಅಡುಗೆಮನೆಯಲ್ಲಿ ಹಾಲು ಒಲೆಗೇರುತ್ತಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಕೇಳಿಸುವಷ್ಟರಲ್ಲಿ ನಮ್ಮ ಯಜಮಾನರು ಪೇಪರ್ ಮಡಚಿಟ್ಟು ಅಂಗಿ ಹುಡುಕುತ್ತಿದ್ದರು. ಎದುರಿಗೆ ನರಪಿಳ್ಳೆ ಬರದ ಎಸ್ಟೇಟ್ ರಸ್ತೆಯಲ್ಲಿ ಯಾಕಕ್ಕ ಇಷ್ಟು ಹಾರನ್ ಎಂದು ನಾನು ಒಮ್ಮೆ ಕೇಳಿದ್ದೆ. "ಯಾರೂ ಬರಲ್ಲ ಅಂದ್ಕಂಡೋರೇ ಕಣೇ ಗುದ್ದುಸ್ಕಳಾದು" ಅಂದಿದ್ದರು.

ದೇವೀರಕ್ಕ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನಮ್ಮ ತೋಟ ಸಕಲೇಶಪುರದ ಕಡೆ, ಪಾಲಾದ ಮೇಲೆ ಅವರಿಗೆ ಬಂದದ್ದು ಆಲೂರು ಕಡೆಯ ಗುಡ್ಡ. ಕಪ್ಪಗೆ, ಗಿಡ್ಡಗೆ ಇದ್ದರು. ಹಣೆಯ ತುಂಬ ವಿಭೂತಿ, ಸೀರೆಯ ಮೇಲೆ ಭಾವನ ಹಳೇ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ. ಸ್ಟೇರಿಂಗ್ ಮೇಲಿಂದ ರಸ್ತೆ ಕಾಣಲೆಂದು ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೊಳ್ಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಭಾವನೇ ಅವರಿಗೆ ಜೀಪು ಕಲಿಸಿದ್ದಂತೆ. ಭಾವ ಹೋದ ಮೇಲೆ ಕಾಫಿ ಚೀಲ, ಗೊಬ್ಬರ, ಹೆರಿಗೆ ನೋವಿನ ಹೆಂಗಸರು, ಮದುವೆ ಮನೆಯ ಪಾತ್ರೆ, ಎಲ್ಲವೂ ಅದೇ ಜೀಪಿನಲ್ಲಿ, ಅದೇ ಕೈಯಲ್ಲಿ ಓಡಾಡಿದವು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ ಬಂದವಳು. ನೀಟಾಗಿ ಟೇಬಲ್ ಹಾಕುವುದು, ಥ್ಯಾಂಕ್ಯೂ ನೋಟ್ ಬರೆಯುವುದು, ಯಾರ ಮಾತಿಗೂ ಎದುರಾಡದೆ "ಐ ಸಪೋಸ್ ಸೋ" ಅನ್ನುವುದು ನನಗೆ ಚೆನ್ನಾಗಿ ಬರುತ್ತಿತ್ತು. ದೇವೀರಕ್ಕ ನನ್ನನ್ನು ಪ್ರೀತಿ ಬಂದಾಗ ವಿಮ್ಲಾ ಎಂದೂ ಚುಡಾಯಿಸಬೇಕಾದಾಗ ಮೇಡಮ್ಮ ಎಂದೂ ಕರೆಯುತ್ತಿದ್ದರು. ಫ್ರ್ಯಾಂಕ್ಲಿ, ನಾನು ಮೇಡಮ್ಮನಾಗಿದ್ದದ್ದೇ ಹೆಚ್ಚು.

ಅವರಿಗೆ ಎಪ್ಪತ್ತು ದಾಟಿದ ವರ್ಷ ಬಾಳ್ಳುಪೇಟೆಯಲ್ಲಿ ಒಂದು ಬೀದಿನಾಯಿಯನ್ನು ಉಳಿಸಲು ಹೋಗಿ ಜೀಪನ್ನು ಬಾಳೆಹಣ್ಣಿನ ಅಂಗಡಿಯ ಚಪ್ಪರಕ್ಕೆ ತಾಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಉದುರಿದ ಗೊನೆಗಳನ್ನೆಲ್ಲ ಕೊಂಡು ತಂದು ನಮ್ಮ ಮನೆಗೇ ಇಳಿಸಿದರು. ವಾರವಿಡೀ ಬಾಳೆಹಣ್ಣಿನ ರಸಾಯನ ತಿಂದ ಸಿಟ್ಟಿಗೋ ಏನೋ, ನಮ್ಮವರು ಕೊನೆಗೂ ಬಾಯಿ ಬಿಟ್ಟರು.

"ಅತ್ತಿಗೆ, ವಯಸ್ಸಾಯ್ತು. ಇನ್ನ ಒಬ್ಬ ಡ್ರೈವರ್ ಇಟ್ಕಳಿ."

"ನಿಂಗೂ ಆಗೈತೆ ಚಂದ್ರು. ನಿನ್ ಕೈಕಾಲು ಆಡ್ಸಕ್ಕೆ ಯಾರ್ನ ಇಟ್ಕಂಡಿದೀಯ?"

ಆಗ ನಮ್ಮ ಹೋಮ್‌ಸ್ಟೇಯಲ್ಲಿ ಹಳೇ ಗಾಡಿಗಳ ಹುಚ್ಚಿನ ಗೆಸ್ಟ್ ಒಬ್ಬರಿದ್ದರು. ಜಗಲಿಯಲ್ಲಿ ಕೂತು, ಹಳೇ ಗಾಡಿಗಳಿಗಾಗಿಯೇ ನಡೆಯುವ ಒಂದು ಅಂತರರಾಷ್ಟ್ರೀಯ ರ‍್ಯಾಲಿಯ ಕಥೆ ಹೇಳುತ್ತಿದ್ದರು. ಟರ್ಕಿಯಲ್ಲಿ ಹೊರಟು, ಒಂದು ಸಮುದ್ರವನ್ನು ಹಡಗಿನಲ್ಲಿ ದಾಟಿ, ಕಜಾಕಿಸ್ತಾನ, ಉಜ್ಬೇಕಿಸ್ತಾನದ ಬಯಲುಗಳನ್ನು ಹಾಯ್ದು, ಕಿರ್ಗಿಸ್ತಾನದ ಸರೋವರವೊಂದರ ದಂಡೆಯಲ್ಲಿ ಮುಗಿಯುವಂಥದ್ದು. ಗೆದ್ದವರಿಗೆ ಕಪ್, ನಿಯಮದಂತೆ ಪೂರ್ತಿ ಮುಗಿಸಿದವರಿಗೆಲ್ಲ ಒಂದೊಂದು ಮೆಡಲ್. ದೇವೀರಕ್ಕ ಕಾಫಿ ಲೋಟ ಕೆಳಗಿಟ್ಟರು.

"ಹೆಂಗಸ್ರುನ್ನ ಬುಡ್ತಾರಾ?"

"ಆಫ್‌ಕೋರ್ಸ್, ಮೇಡಮ್."

"ಚಂದ್ರು, ಕೇಳಿಲ್ಲಿ. ನಾನೇ ಓಡ್ಸ್ಕಂಡು ಹೋಗಿ ಆ ಮೆಡಲ್ ತಂದ್ರೆ ಸಾಯೋಗಂಟ ಡ್ರೈವರ್ ಗೀವರ್ ಅನ್ನಂಗಿಲ್ಲ. ತರ್ನಿಲ್ಲ ಅಂದ್ರೆ ಕೀ ತಂದು ನಿನ್ ಕೈಗೆ ಕೊಡ್ತೀನಿ, ಆಮ್ಯಾಕೆ ಸ್ಟೇರಿಂಗ್ ಮುಟ್ಟಲ್ಲ."

ನಮ್ಮವರು ನಕ್ಕು "ಆಯ್ತು" ಅಂದುಬಿಟ್ಟರು. ತಮಾಷೆ ಅಂದುಕೊಂಡಿದ್ದರು. ತಿಂಗಳೊಳಗೆ ಅಕ್ಕ ತೋಟದ ಸಿಲ್ವರ್ ಓಕ್ ಮರಗಳನ್ನು ಕಡಿಸಿ ಮಾರಿದಾಗ ಅವರ ನಗು ನಿಂತಿತು. ಪಕ್ಕದಲ್ಲಿ ಕೂತು ದಾರಿ ಹೇಳಲು ಇಂಗ್ಲಿಷ್ ಬರುವ ಒಬ್ಬರು ಬೇಕಿತ್ತು. "ನೀನು ಹೋಗು, ಒಬ್ಬರನ್ನೇ ಬಿಡೋಕಾಗಲ್ಲ. ಬಂದು ನಡೆದದ್ದು ನಡೆದ ಹಾಗೆ ಹೇಳು" ಎಂದು ನಮ್ಮವರು ನನ್ನನ್ನೇ ಒಪ್ಪಿಸಿದರು. ಅಂದರೆ ನಾನು ನ್ಯಾವಿಗೇಟರೂ ಹೌದು, ಸ್ಪೈಯೂ ಹೌದು. ಜೀಪು ಮಂಗಳೂರಿನಿಂದ ಕಂಟೇನರಿನಲ್ಲಿ ಹಡಗು ಹತ್ತಿತು. ನಾವಿಬ್ಬರೂ ಕೋಡುಬಳೆ ಡಬ್ಬಿಗಳೊಂದಿಗೆ ವಿಮಾನ ಹತ್ತಿದೆವು.

ಮೊದಲ ದಿನವೇ ಒಂದು ವಿಷಯ ಅರ್ಥವಾಯಿತು. ಆ ದೇಶಗಳಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ನಮ್ಮ ಜೀಪಿನ ಸ್ಟೇರಿಂಗೂ ಬಲಕ್ಕೇ. ಮುಂದೆ ಲಾರಿ ಇದ್ದರೆ ಎದುರಿಂದ ಏನು ಬರುತ್ತಿದೆ ಎನ್ನುವುದು ಅಕ್ಕನಿಗೆ ಕಾಣುತ್ತಲೇ ಇರಲಿಲ್ಲ. ಎಡಗಡೆ ಕೂತ ನನಗೆ ಮಾತ್ರ ಕಾಣುತ್ತಿತ್ತು. ಓವರ್‌ಟೇಕ್ ಮಾಡಬೇಕೋ ಬೇಡವೋ ನಾನು ಹೇಳಬೇಕು. ಜೀವಮಾನದಲ್ಲಿ ಸೊಪ್ಪಿನ ಸಾರೋ ಬೇಳೆ ಸಾರೋ ಎಂಬುದನ್ನು ಕೂಡ ಯಜಮಾನರನ್ನು ಕೇಳಿಯೇ ಮಾಡಿದ ನಾನು!

"ಹೋಗಬಹುದೇನೋ ಅಕ್ಕ... ಐ ಥಿಂಕ್..."

ಅಕ್ಕ ಜೀಪನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದರು. "ನೋಡು ಮೇಡಮ್ಮ. ನಿನ್ ಕಣ್ಣೇ ಈಗ ನನ್ ಕಣ್ಣು. ಏನೋ ಗೀನೋ ಅಂದ್ರೆ ಇಬ್ರೂ ಸೀದಾ ಕೈಲಾಸ. ಹೋಗು ಅನ್ನು, ಇಲ್ಲಾ ಬ್ಯಾಡ ಅನ್ನು. ನೀನಂದಂಗೆ ಮಾಡ್ತೀನಿ. ತಪ್ಪಾದ್ರೆ ನಿನ್ ಬೈಯಲ್ಲ, ಬೈಯಕ್ಕೆ ಇರಾದೂ ಇಲ್ಲ."

ಅವತ್ತು ಮಧ್ಯಾಹ್ನ ಒಂದು ಟ್ಯಾಂಕರ್ ಹಿಂದೆ ಬಹಳ ಹೊತ್ತು ಹೊಗೆ ಕುಡಿದ ಮೇಲೆ ನಾನು "ಹೋಗಿ!" ಎಂದು ಕೂಗಿದೆ. ಅಕ್ಕ ಮರುಮಾತಿಲ್ಲದೆ ಹೋದರು. ದಾಟಿದ ಮೇಲೆ ನೋಡಿದರೆ ಅಕ್ಕ ಕೋಡುಬಳೆ ಕಡಿಯುತ್ತಿದ್ದರು. ಬಯಲು ಬಂದು, ಬಯಲು ಮುಗಿದು ಮತ್ತೆ ಬಯಲೇ ಬರುವ ಆ ದೇಶಗಳಲ್ಲಿ ನಾನು ಎಷ್ಟು ಸಲ "ಹೋಗಿ", ಎಷ್ಟು ಸಲ "ಬ್ಯಾಡ" ಅಂದೆನೋ. ಒಂದು ಸಲವೂ ಅಕ್ಕ "ಸರಿಯಾಗಿ ನೋಡ್ದ್ಯಾ?" ಎಂದು ಕೇಳಲಿಲ್ಲ. ನನ್ನ ಮಾತಿಗೆ ಅಷ್ಟು ತೂಕ ಕೊಟ್ಟವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಬೆಳಿಗ್ಗೆ ಎಲ್ಲಿದ್ದರೂ ಅವರ ಪೂಜೆ ತಪ್ಪುತ್ತಿರಲಿಲ್ಲ. ಟೆಂಟಿನ ಹೊರಗೆ ಚಾಪೆ ಹಾಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣು ಮಿಟುಕಿಸದೆ ನೋಡುತ್ತ ಕೂರುವರು. ಸುತ್ತ ಇಂಜಿನ್‌ಗಳ ಗಲಾಟೆ. ಒಂದು ದಿನ ಪಕ್ಕದ ಟೆಂಟಿನ ಜರ್ಮನ್ ಮುದುಕರು ನನ್ನ ಕಿವಿಯ ಹತ್ತಿರ ಬಂದು, ಅದು ನಿಮ್ಮ ಕಡೆಯ ದಿಕ್ಸೂಚಿಯೇ, ನೀವು ದಾರಿಯನ್ನೇ ತಪ್ಪುವುದಿಲ್ಲವಲ್ಲ ಎಂದು ಕೇಳಿದರು. "ಇನ್ ಎ ವೇ, ಯೆಸ್" ಅಂದೆ. ಅಕ್ಕನಿಗೆ ಹೇಳಿದಾಗ ಹೊಟ್ಟೆ ಹಿಡಿದು ನಕ್ಕರು. "ಸರಿಯಾಗೇ ಹೇಳಿದೀಯ ಬುಡು. ಆದ್ರೂ ನೀನು ಮ್ಯಾಪ್ ನೋಡಾದು ಬುಡಬ್ಯಾಡ."

ಈ ರ‍್ಯಾಲಿಯಲ್ಲಿ ವೇಗಕ್ಕಿಂತ ಹೊತ್ತು ಮುಖ್ಯ. ದಾರಿಯಲ್ಲಿ ಅಲ್ಲಲ್ಲಿ ಟೇಬಲ್ ಹಾಕಿಕೊಂಡು ಒಬ್ಬ ಮಾರ್ಷಲ್ ಕೂತಿರುತ್ತಾನೆ. ಅವನು ಟೇಬಲ್ ಮುಚ್ಚುವ ಮೊದಲು ತಲುಪಿ ಮೊಹರು ಹಾಕಿಸಿಕೊಳ್ಳಬೇಕು. ಒಂದೇ ಒಂದು ಮೊಹರು ತಪ್ಪಿದರೂ ಮೆಡಲ್ ಇಲ್ಲ. ನಮಗೆ ಒಂದೂ ತಪ್ಪಿರಲಿಲ್ಲ. ಕೊನೆಯ ದಿನದ ಹಿಂದಿನ ದಿನದವರೆಗೂ.

ಅವತ್ತು ಕಿರ್ಗಿಸ್ತಾನದ ಒಂದು ದೊಡ್ಡ ಘಾಟಿ ಹತ್ತಿ ಇಳಿಯಬೇಕಿತ್ತು. ಶಿರಾಡಿ ಘಾಟಿಯಿಂದ ಮರಗಳನ್ನೆಲ್ಲ ಕಿತ್ತು, ಮೇಲೆ ಹಿಮ ಸುರಿದರೆ ಹೇಗಿರುತ್ತದೋ ಹಾಗಿತ್ತು. ಹತ್ತಿದ್ದಾಯಿತು. ಇಳಿಯುವಾಗ ರಸ್ತೆ ಒಂದೇ ಗಾಡಿಯ ಅಗಲ. ಅದೇ ಹೊತ್ತಿಗೆ ಕೆಳಗಿನಿಂದ ಕುರುಬರ ಸಂಸಾರಗಳು ಬೇಸಿಗೆಯ ಹುಲ್ಲುಗಾವಲಿಗೆ ಹೊರಟಿದ್ದವು. ಲಾರಿಗಳ ಮೇಲೆ ಕಂಬಳಿ ಗುಡಾರ, ಒಲೆ, ಟ್ರಂಕು, ಅದರ ಮೇಲೆ ಅಜ್ಜಿ, ಮಕ್ಕಳು. ನಮ್ಮ ಮುಂದಿದ್ದ ರ‍್ಯಾಲಿ ಕಾರೊಂದು ಹಾರನ್ ಹೊಡೆದು ನುಗ್ಗಿತು. ಹತ್ತುತ್ತಿದ್ದ ಲಾರಿ ನಿಲ್ಲಬೇಕಾಯಿತು. ನಿಂತದ್ದು ಹಿಂದಕ್ಕೆ ಜಾರತೊಡಗಿತು. ಹೆಂಗಸೊಬ್ಬಳು ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು.

ಅಕ್ಕ ಅದನ್ನು ನೋಡಿದರು. ರಸ್ತೆ ಸ್ವಲ್ಪ ಅಗಲವಿದ್ದ ಕಡೆ ಜೀಪನ್ನು ಬೆಟ್ಟಕ್ಕೆ ಒತ್ತಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು.

"ಅಕ್ಕ, ಏನ್ಮಾಡ್ತಿದೀರಿ? ಟೈಮಿಲ್ಲ!"

"ಹತ್ತೋ ಗಾಡಿಗೆ ದಾರಿ ಬುಡ್ಬೇಕು ಕಣೇ. ಲೋಡ್ ಹೊತ್ಕಂಡು ಒಂದ್ಸಲ ನಿಂತ್ರೆ ಮತ್ತೆ ಎತ್ತಾದು ಅದ್ರಪ್ಪನ ಕೈಲೂ ಆಗಲ್ಲ. ಇಳಿಯೋರಿಗೇನು, ಗುಡ್ಡನೇ ಇಳುಸ್ತದೆ."

ಒಂದು ಲಾರಿ ಹೋಯಿತು. ಹಿಂದೆ ಇನ್ನೊಂದು. ಆಮೇಲೆ ಕುದುರೆಗಳು, ಕುರಿಗಳು, ಕುರಿಗಳ ಹಿಂದೆ ಮತ್ತೆ ಲಾರಿ. ನನಗೆ ವಾಚು ನೋಡುವುದಕ್ಕೇ ಭಯವಾಯಿತು. ನಡುವೆ ಒಂದು ಸಂದು ಸಿಕ್ಕಾಗ "ಈಗ ನುಗ್ಗಿ ಅಕ್ಕ, ಹೋಗಿ!" ಎಂದೆ. ಆ ಇಡೀ ದಾರಿಯಲ್ಲಿ ಅವರು ನನ್ನ "ಹೋಗಿ"ಯನ್ನು ಮೀರಿದ್ದು ಅದೊಂದೇ ಸಲ.

"ಕೀ ಹೋಗ್ಬುಡ್ತದೆ ಅಕ್ಕ! ಮನೆಗೆ ಹೋದ್ಮೇಲೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ ನೀವು!"

"ಗೊತ್ತು ಕಣೇ. ಹೊಟ್ಟೆ ನಂಗೂ ಉರೀತೈತೆ." ಅಕ್ಕ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡೇ ಇದ್ದರು. "ಶಿರಾಡೀಲಿ ಐವತ್ತು ವರ್ಸ ನಿಂತೋಳು ಇಲ್ಲಿ ನಿಲ್ನಿಲ್ಲ ಅಂದ್ರೆ, ಅದು ಡ್ರೈವಿಂಗೇ ಅಲ್ಲ. ಅಂಥಾ ಕೀ ಇಟ್ಕಂಡು ನಾನೇನ್ ಮಾಡ್ಲಿ?"

ಕೊನೆಯ ಲಾರಿಯ ಮೇಲಿದ್ದ ಅಜ್ಜಿ ನಮ್ಮನ್ನು ದಾಟುವಾಗ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಅಕ್ಕನೂ ಹಾಗೇ ಮಾಡಿದರು.

ನಾವು ತಲುಪಿದಾಗ ಮಾರ್ಷಲ್ ಟೇಬಲ್ಲಿನ ಕಾಲು ಮಡಚುತ್ತಿದ್ದ. "ಐ ಆ್ಯಮ್ ಸೋ ಸಾರಿ, ಲೇಡೀಸ್" ಅಂದ. ನಿಜಕ್ಕೂ ಬೇಜಾರಾಗಿತ್ತು ಪಾಪ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನಾನು ಜೋರಾಗಿ ಅತ್ತೆ. ಅಕ್ಕ ಇಳಿದು ಬಂದ ಬೆಟ್ಟವನ್ನು ಒಂದು ಸಲ ತಿರುಗಿ ನೋಡಿ, "ಇಲ್ಲಿ ಟೀ ಗೀ ಸಿಗ್ತದಾ ಕೇಳು" ಅಂದರು.

ಮರುದಿನ ಮೆಡಲ್ ಇಲ್ಲದಿದ್ದರೂ ಎಲ್ಲರ ಹಿಂದೆ ಸರೋವರದ ತನಕ ಓಡಿಸಿದರು. ನೀರಿಗಿಳಿದು ಮುಖ ತೊಳೆದುಕೊಂಡು ಬಂದಾಗ ನಾನು ಮೆಲ್ಲಗೆ ಹೇಳಿದೆ: "ಅಕ್ಕ, ಟೆಕ್ನಿಕಲಿ ನಾವು ಮುಗಿಸಿದ್ದೀವಿ. ಮೆಡಲ್ ದಾರೀಲಿ ಕಳೆದುಹೋಯ್ತು ಅಂತ ಊರಲ್ಲಿ ಇವರಿಗೆ ಹೇಳ್ತೀನಿ."

"ಕಾನ್ವೆಂಟಲ್ಲಿ ಸುಳ್ಳಿಗೆ ಟೆಕ್ನಿಕಲಿ ಅಂತಾರಾ?" ಅಂದರು.

ಊರಿಗೆ ಬಂದು ಕಾಫಿಯನ್ನೂ ಕುಡಿಯದೆ ಕೀ ತೆಗೆದು ನಮ್ಮವರ ಮುಂದೆ ಹಿಡಿದರು. ನಡೆದದ್ದನ್ನೆಲ್ಲ ನಾನು ಫೋನಿನಲ್ಲೇ ಹೇಳಿಯಾಗಿತ್ತು. ನಮ್ಮವರ ಮುಖ ಸಣ್ಣದಾಗಿತ್ತು.

"ಬುಡಿ ಅತ್ತಿಗೆ. ಏನೋ ತಮಾಷೆಗೆ ಅಂದಿದ್ದು."

"ನಾನು ತಮಾಷೆಗೆ ಅಂದಿರ್ನಿಲ್ಲ. ತಗೋ." ಕೀ ಅವರ ಕೈ ಸೇರಿತು. "ಮಾತು ಅಲ್ಲಿಗೆ ಮುಗೀತು. ಈಗ ಅದ್ನ ನಿನ್ ಹೆಂಡ್ತಿಗೆ ಕೊಡು."

"ಇವ್ಳಿಗಾ? ಇವ್ಳಿಗೆ ಸೈಕಲ್ಲೂ ಬರಲ್ಲ!"

"ಅಷ್ಟು ದೂರ ಓಡ್ಸಿದ್ದು ಇವ್ಳೇ ಕಣೋ. ನಾನು ಬರೀ ಸ್ಟೇರಿಂಗ್ ಹಿಡ್ಕಂಡಿದ್ದೆ."

ಅರವತ್ತು ದಾಟಿದ ನಾನು ಹಾಗೆ ಜೀಪು ಕಲಿತೆ. ಅವರ ಮನೆಯ ಮುಂದಿನ ಕಾಫಿ ಒಣಗಿಸುವ ಕಣದಲ್ಲಿ, ಎಡಗಡೆ ಸೀಟಿನಲ್ಲಿ ಕೂತ ದೇವೀರಕ್ಕನಿಂದ. "ಗುಂಡಿ ನೋಡಿದ್ರೆ ಗುಂಡಿಗೇ ಹೋಗ್ತೀಯ, ದಾರಿ ನೋಡು." "ಗೇರು ಗಂಡ ಇದ್ದಂಗೆ, ಜೋರು ಮಾಡ್ಬ್ಯಾಡ, ಹೊತ್ತು ನೋಡಿ ಮೆಲ್ಲಗೆ ತಳ್ಳು." ಎಲ್ಲವೂ ಬಂತು, ರಿವರ್ಸ್ ಒಂದು ಬಿಟ್ಟು. ಕಣದಿಂದ ರಸ್ತೆಗೆ ಬರಬೇಕೆಂದರೆ ಒಂದು ಕಡೆ ಬಾವಿಕಟ್ಟೆ, ಇನ್ನೊಂದು ಕಡೆ ಚರಂಡಿ. ನಡುವೆ ಹಿಂದಕ್ಕೇ ಬರಬೇಕು. ಅಕ್ಕ ಇಳಿದು ಹಿಂದೆ ನಿಂತು, ಎರಡೂ ಕೈ ಬೀಸಿ, "ಬಾ, ಬಾ, ಅಯ್ಯೋ ಎಡಕ್ಕೆ, ನಿಂದಲ್ಲ ನನ್ನೆಡಕ್ಕೆ" ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗುತ್ತಿದ್ದರು.

ಕೊಟ್ಟ ಮಾತಿನಂತೆ ಅವರು ಮತ್ತೆ ಸ್ಟೇರಿಂಗ್ ಮುಟ್ಟಲೇ ಇಲ್ಲ. ಒಂದು ಮಳೆಗಾಲ ಏರಿನಲ್ಲಿ ನಾನು ಕೆಸರಿಗೆ ಸಿಕ್ಕಿಕೊಂಡು, "ನೀವೇ ಬನ್ನಿ ಅಕ್ಕ, ಯಾರೂ ನೋಡ್ತಿಲ್ಲ, ಪ್ಲೀಸ್" ಎಂದು ಕೈಮುಗಿದೆ. ಅವರು ಇಳಿದರು. ಅವರ ಕೈ ಸ್ಟೇರಿಂಗಿನ ಕಡೆ ಬಂದದ್ದನ್ನು ನಾನು ನೋಡಿದೆ. ಅರೆಗಳಿಗೆ ಅಲ್ಲೇ ನಿಂತು, ಆ ಕೈಯಿಂದ ಸೀರೆ ಎತ್ತಿ ಕಟ್ಟಿಕೊಂಡು ಹಿಂದೆ ಹೋಗಿ ಜೀಪು ತಳ್ಳಿದರು.

ಅವರು ಹೋಗಿ ಎರಡು ವರ್ಷವಾಗುತ್ತ ಬಂತು. ನಿದ್ದೆಯಲ್ಲೇ ಹೋದರು, ಯಾರಿಗೂ ತೊಂದರೆ ಕೊಡದೆ. ಈಗ ಸಕಲೇಶಪುರಕ್ಕೆ ಔಷಧಿಗೆ, ಆಲೂರಿನ ತೋಟ ನೋಡಿಬರುವುದಕ್ಕೆ, ಯಾರನ್ನೂ ಕೇಳದೆ ನಾನೇ ಹೋಗಿಬರುತ್ತೇನೆ. ಮಂಡಿನೋವಿನ ನಮ್ಮವರನ್ನು ಹಾಸನದ ಡಾಕ್ಟರ ಹತ್ತಿರ ಕರೆದೊಯ್ಯುವವಳೂ ನಾನೇ. ಅಕ್ಕನಿಗೆ ನಾನು ಥ್ಯಾಂಕ್ಸ್ ಹೇಳಿದ್ದು ನೆನಪಿಲ್ಲ. ಹೇಳಿದ್ದರೆ "ಸುಮ್ನೆ ರೋಡ್ ನೋಡು" ಅನ್ನುತ್ತಿದ್ದರು.

ಕೊನೆಯ ಸಲ ನೋಡಿದ್ದು ಒಂದು ಸಂಜೆ. ಸಂತೆ ಮುಗಿಸಿ ಅವರನ್ನು ಮನೆಗೆ ಬಿಟ್ಟೆ. ಅಕ್ಕ ಕಣದಲ್ಲಿ ಇಳಿದು, ಬದನೆಕಾಯಿಯ ಚೀಲ ತೆಗೆದುಕೊಂಡು, "ಬತ್ತೀನಿ ಕಣೇ ವಿಮ್ಲಾ" ಅಂದರು. ನಾನು ರಿವರ್ಸ್ ಗೇರ್ ಹಾಕಿ, ಅವರು ಹಿಂದೆ ಬಂದು ನಿಲ್ಲಲೆಂದು ಕಾದೆ. ಕನ್ನಡಿಯಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಅಕ್ಕ ನನ್ನ ಕಡೆ ಬೆನ್ನು ಮಾಡಿ, ಚೀಲ ಆಡಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ನಾನು ಬಾವಿಕಟ್ಟೆಯನ್ನೂ ಚರಂಡಿಯನ್ನೂ ಕಳೆದು ರಸ್ತೆಗೆ ಬರುವಷ್ಟರಲ್ಲಿ ಅವರು ಒಳಗೆ ಹೋಗಿ ದೀಪ ಹಾಕಿದ್ದರು.