ಅವರಿಗೆ ನಿಲ್ಲಲಿಕ್ಕೆ ಜಾಗ

ಕಮರ್ಷಿಯಲ್ ಆರ್ಟಿನ ಡಿಪ್ಲೊಮಾ ಮುಗಿಸಿ ನಾನು ಮಂಗಳೂರಿನಿಂದ ಕಾಪುವಿಗೆ ಮರಳಿದ್ದು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ, ಫೋಟೋಗ್ರಫಿಯಲ್ಲಿ ನಾನೇ ಮೊದಲು. ತಲೆಗೆ ಕೊಂಬು ಬರಲು ಇಷ್ಟು ಸಾಕಲ್ಲ. ಲೇಬಲ್, ಬೋರ್ಡು, ಮದುವೆ ಕಾಗದ, ಫೋಟೋ, ಟಾಕೀಸಿನಲ್ಲಿ ತೋರಿಸುವ ಜಾಹೀರಾತಿನ ಸ್ಲೈಡು, ಯಾರಿಗೆ ಏನು ಬೇಕೋ ಅದನ್ನು ಮಾಡಿಕೊಡುತ್ತೇನೆ, ಆದರೆ ಯಾರ ಕೈಕೆಳಗೂ ದುಡಿಯುವುದಿಲ್ಲ ಎಂದು ಮನೆಯಲ್ಲಿ ಸಾರಿಬಿಟ್ಟೆ. ಬೊಂಬಾಯಿಯಲ್ಲಿ ಒಂದು ಸ್ಟುಡಿಯೋ ಮುಚ್ಚಿದಾಗ ಅಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಒಂದರ ಮೇಲೊಂದು ಎರಡು ಲೆನ್ಸಿನ ಒಂದು ಕ್ಯಾಮೆರಾವನ್ನೂ ಫೋಟೋ ದೊಡ್ಡದು ಮಾಡುವ ಒಂದು ಹಳೆಯ ಎನ್‌ಲಾರ್ಜರನ್ನೂ ಕಳಿಸಿಕೊಟ್ಟಿದ್ದರು. ನಮ್ಮ ಬಚ್ಚಲುಮನೆಯ ಕಿಟಕಿಗೆ ಕಪ್ಪು ಕಂಬಳಿ ಕಟ್ಟಿದರೆ ಅದೇ ನನ್ನ ಡಾರ್ಕ್‌ರೂಮ್.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಕೂಗಾಡುವ ಜನ ಅಲ್ಲ. ನನ್ನ ಭಾಷಣವನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, ದೀಪಾವಳಿಯವರೆಗೆ ನೋಡು ಎಂದರು. ಊರಿನ ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತೆಯ ಒಂದು ಜಾಗ ಖಾಲಿಯಿತ್ತು. ಅಲ್ಲಿನ ಕಾರ್ಯದರ್ಶಿ ಅಪ್ಪನ ಹಳೆಯ ವಿದ್ಯಾರ್ಥಿ. ದೀಪಾವಳಿಯೊಳಗೆ ನನ್ನನ್ನು ನಂಬಿ ಕೆಲಸ ಕೊಡುವ ಜನ ಸಿಕ್ಕರೆ ಸರಿ, ಇಲ್ಲವಾದರೆ ಹಬ್ಬ ಕಳೆದ ಸೋಮವಾರ ನಾನು ಆ ಕುರ್ಚಿಯಲ್ಲಿ ಕೂರಬೇಕು. ಒಪ್ಪಿದೆ. ಆರು ತಿಂಗಳು ಯಾವ ಮಹಾ ಎಂದುಕೊಂಡೆ.

ಅಬ್ಬಾ, ಆ ತಿರುಗಾಟ! ಉಡುಪಿಯ ಒಂದು ಬಟ್ಟೆಯಂಗಡಿಯ ಮಾಲೀಕರು ಕಾಫಿ ತರಿಸಿದರು, ನನ್ನ ಚಿತ್ರಗಳ ಫೈಲನ್ನು ಪುಟಪುಟವಾಗಿ ನೋಡಿದರು, ಕೊನೆಗೆ ನಿಮ್ಮ ಅಣ್ಣ ಬರಲಿಲ್ಲವೇ ಎಂದು ಕೇಳಿದರು. ನನಗೆ ಅಣ್ಣನೇ ಇಲ್ಲ. ಚಿತ್ರ ಬರೆದದ್ದು ಅವನೆಂದೇ ಅವರು ತಿಳಿದಿದ್ದರು. ಮಣಿಪಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ವಿಳಾಸ ಬರೆದಿಟ್ಟು ಹೋಗಿ ಎಂದರು. ಹಾಗೆ ವಿಳಾಸ ಬರೆದಿಟ್ಟು ಹೋದವರ ಪುಸ್ತಕವೇ ಅಲ್ಲಿ ನನ್ನ ಮೊಣಕೈಯಷ್ಟು ದಪ್ಪವಿತ್ತು. ಕಾರ್ಕಳದ ಒಬ್ಬ ಹೋಟೆಲಿನವರಂತೂ ಬೋರ್ಡಿನ ಮಾದರಿಯನ್ನು ಮೂರು ಸಲ ಬದಲಾಯಿಸಿ ಬರೆಸಿಕೊಂಡು, ಆಮೇಲೆ ಅದನ್ನು ತಮ್ಮ ಅಳಿಯನ ಕೈಯಲ್ಲಿ ಪೇಂಟು ಮಾಡಿಸಿದರು. ಅದನ್ನು ನೋಡಿದ ದಿನ ಬಸ್ಸಿನಲ್ಲಿ ಕೂತು ಹಲ್ಲು ಕಡಿದ ಸದ್ದು ಕಂಡಕ್ಟರನಿಗೂ ಕೇಳಿಸಿರಬೇಕು.

ಸೆಪ್ಟೆಂಬರಿನಲ್ಲಿ ಮಳೆ ತುಸು ಹಿಂದೆ ಸರಿದಿದ್ದ ಒಂದು ದಿನ ಕಾರ್ಕಳದ ಹತ್ತಿರ ನಿಟ್ಟೆಯ ಕಡೆಯ ಗೇರುಬೀಜದ ಕಾರ್ಖಾನೆಯೊಂದಕ್ಕೆ ಡಬ್ಬದ ಲೇಬಲ್ ಕೇಳಲು ಹೋಗಿದ್ದೆ. ಮ್ಯಾನೇಜರು ಫೈಲನ್ನು ತಲೆಕೆಳಗಾಗಿ ಹಿಡಿದು ನೋಡಿ ಹಿಂದೆ ಕೊಟ್ಟರು. ಹಸಿವು, ಸಿಟ್ಟು ಎರಡೂ ಹೊಟ್ಟೆಯಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಒಬ್ಬ ಬಾಯಮ್ಮ ನನ್ನ ಕೊರಳಿನ ಕ್ಯಾಮೆರಾವನ್ನೇ ನೋಡುತ್ತಿದ್ದರು. ನಮ್ಮ ಕಡೆ ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಮನೆಗಳ ಹಿರಿಯ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಇದು ನಿನ್ನದೋ, ಒತ್ತಲು ಬರುತ್ತದೋ ಎಂದು ತುಳುವಿನಲ್ಲಿ ವಿಚಾರಿಸಿದರು. ನಾನು ಕಾಲೇಜಿನಲ್ಲಿ ಫೋಟೋಗ್ರಫಿಗೆ ಪದಕ ಸಿಕ್ಕಿದ್ದನ್ನೂ ಸೇರಿಸಿ ಉತ್ತರ ಕೊಟ್ಟೆ. ಅವರ ಮಗ ಬಹರೈನಿನಲ್ಲಿದ್ದ. ಅವನು ಹೋದ ಮೇಲೆ ಹುಟ್ಟಿದ ಮೂರು ತಿಂಗಳ ಕೂಸನ್ನು ಅವನಿನ್ನೂ ಕಂಡಿರಲಿಲ್ಲ. ಹಸುಗೂಸನ್ನು ಎತ್ತಿಕೊಂಡು ಪೇಟೆಯ ಸ್ಟುಡಿಯೋಗೆ ಹೋಗುವುದು ಕಷ್ಟ, ಸ್ಟುಡಿಯೋದವರು ಮನೆಗೆ ಬರಲೊಲ್ಲರು. ನೀನು ಬರುತ್ತೀಯೋ ಎಂದರು. ಅಷ್ಟು ತಿಂಗಳಲ್ಲಿ ನನ್ನನ್ನು ಬಾ ಎಂದ ಮೊದಲ ಮನುಷ್ಯರು ಅವರು.

ಮರುದಿನವೇ ಹೋದೆ. ಜಗಲಿಯಲ್ಲಿ ಬಾಯಮ್ಮನಿಗೆ ಕುರ್ಚಿ ಹಾಕಿತ್ತು. ಕೂಸನ್ನು ಎತ್ತಿಕೊಂಡ ಸೊಸೆ ಹಿಂದೆ ನಿಂತರು. ಅವರು ಊರಿನ ಶಾಲೆಯಲ್ಲಿ ಟೀಚರು, ಮೆಲುದನಿಯ ಹೆಂಗಸು. ನಾಲ್ಕು ವರ್ಷದ ದೊಡ್ಡ ಮಗ ಅವರಿಂದ ಒಂದು ಮಾರು ದೂರದಲ್ಲಿ ಕಂಬದ ಹಾಗೆ ನಿಂತ. ಇಬ್ಬರ ಮಧ್ಯೆ ಒಬ್ಬ ಆಳು ಹಿಡಿಸುವಷ್ಟು ಖಾಲಿ. ಗುಂಪಿನ ಫೋಟೋದಲ್ಲಿ ಜನರ ನಡುವೆ ಗಾಳಿ ಆಡಬಾರದು ಎಂದು ನಮಗೆ ಕಲಿಸಿದ್ದರು. ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ ಎಂದೆ. ಸೊಸೆ ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಮುಖ ನೋಡಿದರು. ಕಲಿತ ಹುಡುಗಿ, ಅವಳಿಗೆ ಗೊತ್ತಿರುತ್ತದೆ ಎಂಬರ್ಥದಲ್ಲಿ ಕೊಂಕಣಿಯಲ್ಲಿ ಏನೋ ಅಂದರು. ಸೊಸೆ ಮಗನನ್ನು ಎಳೆದು ತನಗೆ ಒತ್ತಿ ನಿಲ್ಲಿಸಿಕೊಂಡರು. ನಾನು ಹೆಮ್ಮೆಯಿಂದ ಬೀಗಿಕೊಂಡು ಒತ್ತಿದೆ.

ಶುಕ್ರವಾರ ಬೆಳಿಗ್ಗೆ ಪ್ರಿಂಟು ಹಿಡಿದುಕೊಂಡು ಹೋದೆ. ಚೆನ್ನಾಗಿಯೇ ಬಂದಿತ್ತು, ಅದರಲ್ಲಿ ಎರಡು ಮಾತಿಲ್ಲ. ಸೊಸೆ ಸೆರಗಿಗೆ ಕೈ ಒರೆಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಚಂದ ಬಂದಿದೆ. ಆದ್ರೆ ಅವರಿಗೆ ನಿಲ್ಲಲಿಕ್ಕೆ ಜಾಗ ಎಲ್ಲಿ ಉಂಟು?"

ಯಾರಿಗೆ ಎಂದು ನಾನು ಕೇಳುವಷ್ಟರಲ್ಲಿ ಬಾಯಮ್ಮ ಒಳಗಿನಿಂದ ಇನ್ನೊಂದು ಫೋಟೋ ತಂದು ನನ್ನ ಕೈಯಲ್ಲಿಟ್ಟರು. ಬಹರೈನಿನ ಯಾವುದೋ ಸ್ಟುಡಿಯೋದಲ್ಲಿ ಪ್ಲಾಸ್ಟಿಕ್ ಹೂಕುಂಡದ ಪಕ್ಕ ಕೋಟು ಹಾಕಿ ನಿಂತ ಗಂಡಸು. ಆಗ ಅರ್ಥವಾಯಿತು. ಗಲ್ಫಿನಲ್ಲಿ ಗಂಡಸರಿರುವ ಮನೆಗಳಲ್ಲಿ ಫೋಟೋಕ್ಕೆ ನಿಲ್ಲುವಾಗ ಅವರ ಜಾಗ ಬಿಟ್ಟೇ ನಿಲ್ಲುತ್ತಾರೆ. ಸ್ಟುಡಿಯೋದವರು ಅವರ ಫೋಟೋವನ್ನು ಕತ್ತರಿಸಿ ಆ ಜಾಗದಲ್ಲಿ ಅಂಟಿಸಿ, ಇಡೀ ಸಂಸಾರವನ್ನು ಮತ್ತೊಮ್ಮೆ ಫೋಟೋ ಹಿಡಿದು ಒಂದು ಮಾಡುತ್ತಾರೆ. ಉಡುಪಿ, ಕಾರ್ಕಳದ ಸ್ಟುಡಿಯೋಗಳಿಗೆಲ್ಲ ಗೊತ್ತಿದ್ದ ಸಂಗತಿ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಮ್ಮ ಮನೆಯಿಂದ ಯಾರೂ ಸಮುದ್ರ ದಾಟಿರಲಿಲ್ಲ, ಕಾಲೇಜಿನಲ್ಲಿ ಇದನ್ನು ಕಲಿಸಿರಲಿಲ್ಲ. ನಾನು ಆ ಮನುಷ್ಯನನ್ನು ಅವರ ಸಂಸಾರದಿಂದಲೇ ಆಚೆ ದೂಡಿದ್ದೆ.

ರಜೆಯಲ್ಲಿ ಬಂದಿದ್ದ ನೆರೆಮನೆಯವರೊಬ್ಬರು ಸೋಮವಾರ ಬಹರೈನಿಗೆ ಮರಳುವವರಿದ್ದರು. ದೊಡ್ಡ ಫೋಟೋ ಅಂಚೆಯಲ್ಲಿ ಮಡಚಿ ಹಾಳಾಗುತ್ತದೆಂದು ಅದು ನೆರೆಮನೆಯವರ ಪೆಟ್ಟಿಗೆಯಲ್ಲೇ ಹೋಗಬೇಕು. ಅವರು ಹೋದರೆ ಮುಂದಿನ ವರ್ಷದವರೆಗೆ ಆ ಕಡೆ ಹೋಗುವವರು ಯಾರೂ ಇರಲಿಲ್ಲ.

ನನ್ನದು ಮೂಗಿನ ತುದಿಯ ಕೋಪ. ತಪ್ಪು ನನ್ನದೇ ಎಂದು ಗೊತ್ತಾದಾಗ ಅದು ಇನ್ನೂ ಹೆಚ್ಚು. ಮೊದಲೇ ಹೇಳಬೇಕಿತ್ತಲ್ಲವೇ ಎಂದು ಆ ಸೊಸೆಯ ಮೇಲೆಯೇ ಹರಿಹಾಯ್ದೆ. ನೀವು ಹತ್ತಿರ ಬನ್ನಿ ಎಂದಿರಿ, ನಾವು ಬಂದೆವು ಎಂದರು ಅವರು. ಅದರಲ್ಲಿ ದೂರಿನ ಸುಳಿವೂ ಇರಲಿಲ್ಲ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ಅಳು ಬಂತು. ಅತ್ತುಬಿಟ್ಟೆ. ಬಾಯಮ್ಮ ನನ್ನನ್ನು ಆಗ ಗೇಟಿನಾಚೆ ಕಳಿಸಿದ್ದರೆ ತಪ್ಪೇನೂ ಇರಲಿಲ್ಲ, ನಾನೂ ನೆಟ್ಟಗೆ ಹೋಗಿ ಸೊಸೈಟಿಯ ಕುರ್ಚಿಯಲ್ಲಿ ಕೂರುತ್ತಿದ್ದೆ. ಅವರು ಅಡಿಗೆಮನೆಗೆ ಹೋಗಿ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಮೇಲೆ ಒಣಮೀನಿನ ಚಟ್ನಿ ತಂದು ಮುಂದಿಟ್ಟರು.

"ಊಟ ಮಾಡು ಮೊದಲು. ಹಸಿದ ಕೈ ನಡುಗ್ತದೆ. ಮತ್ತೆ ಇನ್ನೊಮ್ಮೆ ತೆಗಿ."

ಅಷ್ಟೇ. ಬೈಗುಳವಿಲ್ಲ, ಬುದ್ಧಿಮಾತಿಲ್ಲ. ಆಮೇಲೆ ಬದುಕಿನಲ್ಲಿ ಎಷ್ಟೋ ಜನರ ಉಪಕಾರ ಉಂಡಿದ್ದೇನೆ, ಆ ಗಂಜಿಯಷ್ಟು ಯಾವುದೂ ನನ್ನ ಹೊಟ್ಟೆಯಲ್ಲಿ ನಿಂತಿಲ್ಲ.

ಉಂಡು ಎದ್ದ ಮೇಲೆ ತಲೆ ಓಡಿತು. ಸ್ಟುಡಿಯೋದವರು ಅಂಟಿಸಿದ ಇಂಥ ಫೋಟೋಗಳು ಆ ಮನೆಯಲ್ಲೇ ಎರಡಿದ್ದವು. ಒಂದರಲ್ಲಿ ಗಂಡಸು ನೆಲಕ್ಕಿಂತ ಒಂದು ಗೇಣು ಮೇಲೆ ತೇಲುತ್ತಿದ್ದ, ಇನ್ನೊಂದರಲ್ಲಿ ಹೆಂಡತಿಯ ಎಡಗೆನ್ನೆಗೆ ಬಿಸಿಲು, ಗಂಡನ ಬಲಗೆನ್ನೆಗೆ. ನಾನು ಕೋಟಿನ ಫೋಟೋದಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿದೆ ನೋಡಿ, ಎಲ್ಲರನ್ನೂ ಜಗಲಿಯ ಇನ್ನೊಂದು ಮೂಲೆಗೆ ಕರೆದುಕೊಂಡು ಹೋದೆ. ಇನ್ನು ಎತ್ತರ ಗೊತ್ತಾಗಬೇಕಲ್ಲ. ನನ್ನ ಮಗ ಈ ಬಾಗಿಲಿನಷ್ಟು ಎತ್ತರ ಎಂದರು ಬಾಯಮ್ಮ. ಸೊಸೆ ನಾಚುತ್ತ ತಮ್ಮ ಕಿವಿಗಿಂತ ಸ್ವಲ್ಪ ಮೇಲೆ ಕೈಯಿಟ್ಟು, ಅವರ ಭುಜ ಇಷ್ಟಕ್ಕೇ ಬರುವುದು ಎಂದರು. ಬಾಯಮ್ಮ ನಕ್ಕು, ಆಯಿತು, ಅವಳ ಅಳತೆಯೇ ಸರಿ ಇರಬಹುದು ಎಂದು ಸೋಲೊಪ್ಪಿಕೊಂಡರು. ಸೊಸೆ ಒಳಗೆ ಹೋಗಿ ಗಂಡನ ಒಂದು ಅಂಗಿ ತಂದರು. ಅದನ್ನು ಹ್ಯಾಂಗರಿಗೆ ಹಾಕಿ, ದಾರ ಕಟ್ಟಿ, ಮಾಡಿನ ಮರದ ಪಕಾಸಿಯಿಂದ ಸರಿಯಾಗಿ ಅಷ್ಟೇ ಎತ್ತರಕ್ಕೆ ಖಾಲಿ ಜಾಗದಲ್ಲಿ ಇಳಿಬಿಟ್ಟೆ.

ದೊಡ್ಡ ಮಗ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಮೆಲ್ಲನೆ ಅದರ ತೋಳಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ತಾಯಿ ಬಿಡು ಎಂದರು. ಬಿಡಲಿಲ್ಲ. ಇರಲಿ ಎಂದು ನಾನೇ ಹೇಳಿದೆ. ಹಾಗೆಯೇ ಒತ್ತಿದೆ.

ಶನಿವಾರ, ಭಾನುವಾರ ಬಚ್ಚಲುಮನೆಯಿಂದ ಹೊರಗೆ ಬರಲಿಲ್ಲ. ಯಾರೂ ಬಾಗಿಲು ತೆರೆಯದ ಹಾಗೆ ಅಮ್ಮ ಹೊಸ್ತಿಲಲ್ಲಿ ಕೂತು ತರಕಾರಿ ಹೆಚ್ಚಿದರು, ಮನೆಯವರೆಲ್ಲ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದರು. ಅಪ್ಪನೂ. ಕೋಟಿನ ಮನುಷ್ಯನನ್ನು ಬೇಕಾದ ಅಳತೆಗೆ ದೊಡ್ಡದು ಮಾಡಿ, ಬ್ಲೇಡಿನಲ್ಲಿ ಕತ್ತರಿಸಿ, ಅಂಚನ್ನು ಹಿಂದಿನಿಂದ ಉಜ್ಜಿ ತೆಳ್ಳಗೆ ಮಾಡಿ ಅಂಟಿಸಿದೆ. ಬೂಟಿನ ಕೆಳಗೆ ನೆರಳು ಬರೆದೆ. ಹುಡುಗನ ಮುಷ್ಟಿಯಲ್ಲಿದ್ದ ಅಂಗಿಯ ತೋಳನ್ನು ಸಣ್ಣ ಬ್ರಷ್ಷಿನಲ್ಲಿ ತಿದ್ದಿ ಕೋಟಿನ ಅಂಚಾಗಿಸಿದೆ. ಮೂರು ಸಲ ಕೆಟ್ಟಿತು, ನಾಲ್ಕನೆಯ ಸಲ ಬಂತು. ಅದನ್ನು ಮತ್ತೆ ಫೋಟೋ ಹಿಡಿದು ಪ್ರಿಂಟು ಹಾಕಿದೆ.

ಸೋಮವಾರ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಸೊಸೆ ಬಹರೈನಿಗೆ ಹೊರಟ ನೆರೆಮನೆಯವರ ಜೊತೆ ಕಾಯುತ್ತಿದ್ದರು. ಫೋಟೋದ ಮೇಲೆ ಬೆರಳು ಆಡಿಸುತ್ತ ಹೋದವರು ಮಗನ ಮುಷ್ಟಿಯ ಹತ್ತಿರ ನಿಂತರು. ಇವನು ಅಪ್ಪನನ್ನು ಹಿಡಿದುಕೊಂಡಿದ್ದಾನೆ ಎಂದರು. ಅದನ್ನು ಎರಡು ರಟ್ಟುಗಳ ನಡುವೆ ಇಟ್ಟು ನೆರೆಮನೆಯವರ ಕೈಗೆ ಕೊಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಂದು ಮನೆಯ ಒಂದು ಫೋಟೋ ತೋರಿಸಿ ಅಪ್ಪನನ್ನು ಗೆಲ್ಲುವುದು ಹೇಗೆ? ನವರಾತ್ರಿ ಹೋಯಿತು, ದೀಪಾವಳಿಯೂ ಹೋಯಿತು. ಅಪ್ಪ ನನ್ನ ಸರ್ಟಿಫಿಕೇಟುಗಳನ್ನು ಕವರಿನಲ್ಲಿ ಹಾಕಿ ಮೇಜಿನ ಮೇಲಿಟ್ಟರು. ನಾನು ಮುಖ ಊದಿಸಿಕೊಂಡು ತಿರುಗುತ್ತಿದ್ದೆ. ಇನ್ನೆರಡು ದಿನ ಕಳೆದರೆ ಸೋಮವಾರ.

ಶನಿವಾರ ಬೆಳಿಗ್ಗೆ ಕೊಡೆ ಊರಿಕೊಂಡು ಬಾಯಮ್ಮ ಬಂದರು. ಎರಡು ಬಸ್ಸು ಬದಲಾಯಿಸಿ, ಕಾಪುವಿನಲ್ಲಿ ಫೋಟೋದ ಹುಡುಗಿಯ ಮನೆ ಎಲ್ಲಿ ಎಂದು ಸಿಕ್ಕಸಿಕ್ಕವರನ್ನು ಕೇಳಿಕೊಂಡು ಬಂದಿದ್ದರು. ಕೈಯಲ್ಲಿ ಬಹರೈನಿನ ಕಾಗದ. ಮಗ ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆದಿದ್ದ. ಓದುತ್ತ ಓದುತ್ತ ನಮಗೆ ತುಳುವಿನಲ್ಲಿ ಹೇಳಿದರು. ಅವನಿರುವ ಕೋಣೆಯಲ್ಲಿ ಎಂಟು ಜನ, ಎಲ್ಲರೂ ನಮ್ಮ ಊರಿನ ಕಡೆಯವರೇ. ಫೋಟೋ ಗೋಡೆಗೆ ಹಾಕಿದ ದಿನ, ನಮಗೆ ಹೇಳದೆ ಯಾವಾಗ ಮನೆಗೆ ಹೋಗಿ ಬಂದೆ ಮಾರಾಯ ಎಂದು ಉಳಿದವರು ಅವನನ್ನು ಹಿಡಿದುಕೊಂಡರಂತೆ. ಅಂಟಿಸಿದ್ದು ಎಂದರೆ ನಂಬಲಿಲ್ಲವಂತೆ. ಬೂಟಿನ ನೆರಳು ತೋರಿಸಿ ವಾದ ಮಾಡಿದರಂತೆ.

ಕಾಗದದ ಒಳಗೆ ಇನ್ನೊಂದು ಹಾಳೆಯಿತ್ತು. ಅದರಲ್ಲಿ ಏಳು ವಿಳಾಸಗಳು, ಏಳು ಬೇರೆ ಬೇರೆ ಕೈಬರಹ. ಪೆರ್ಡೂರು, ಹೆಬ್ರಿ, ಕಾರ್ಕಳ, ಉಡುಪಿಯ ಪಕ್ಕದ ಹಳ್ಳಿಗಳು. ಪ್ರತಿಯೊಬ್ಬರೂ ತಮ್ಮದೊಂದು ಫೋಟೋ ಜೊತೆಗಿಟ್ಟು, ತಮ್ಮ ಮನೆಗೂ ಆ ಹುಡುಗಿ ಹೋಗಲಿ ಎಂದು ಬರೆದಿದ್ದರು. ಅಮ್ಮ ಬೇಡ ಎನ್ನುತ್ತಾರೆ, ಕೇಳಬೇಡಿ, ತೆಗೆಯಿರಿ ಎಂದು ಒಬ್ಬರು. ನನ್ನನ್ನು ಸ್ವಲ್ಪ ದಪ್ಪ ಮಾಡಿ, ಮನೆಯವರು ಹೆದರಬಾರದು ಎಂದು ಇನ್ನೊಬ್ಬರು. ನನ್ನ ಮುಖ ಕಾಣದ ಆ ಏಳು ಗಂಡಸರು, ಅಷ್ಟು ದೂರದ ಸೆಕೆಯಲ್ಲಿ ಕೂತು, ತಮ್ಮ ಹೆಂಡತಿ ಮಕ್ಕಳ ಪಕ್ಕದಲ್ಲಿ ತಮ್ಮನ್ನು ನಿಲ್ಲಿಸುವ ಕೆಲಸವನ್ನು ನನ್ನ ಕೈಗೆ ಕೊಟ್ಟಿದ್ದರು. ಅವರನ್ನು ನೆನೆದರೆ ಇವತ್ತಿಗೂ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ.

ಅಪ್ಪ ಹಾಳೆಯನ್ನು ತೆಗೆದುಕೊಂಡು ನಿಂತಲ್ಲೇ ಎರಡು ಸಲ ಓದಿದರು. ಅದನ್ನು ಮಡಚಿ ಜೇಬಿನಲ್ಲಿಟ್ಟು, ಅಂಗಿ ತೊಟ್ಟು ಹೊರಟೇಹೋದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹಾಳೆ, ನನ್ನನ್ನು ಕೇಳದೆ ಒಯ್ಯುವುದೆಂದರೆ? ಸೊಸೈಟಿಯ ಕಾರ್ಯದರ್ಶಿಯ ಹತ್ತಿರ ಸಲಹೆ ಕೇಳಲು ಹೋಗಿರಬೇಕು ಎಂದು ಅಮ್ಮನ ಮುಂದೆ ಕೂಗಾಡಿದೆ. ಬಾಯಮ್ಮ ಊಟ ಮಾಡಿ, ನನ್ನ ಬೆನ್ನು ತಟ್ಟಿ, ಮಧ್ಯಾಹ್ನದ ಬಸ್ಸಿಗೆ ಹೊರಟರು.

ಅಪ್ಪ ಬಂದಾಗ ಸಂಜೆಯಾಗಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು ಕಾಲು ತೊಳೆಯಲು ಬಾವಿಕಟ್ಟೆಗೆ ಹೋದರು. ಬಿಡಿಸಿ ನೋಡಿದೆ. ಪ್ರತಿಯೊಂದು ವಿಳಾಸದ ಪಕ್ಕದಲ್ಲೂ ಪೆನ್ಸಿಲಿನಲ್ಲಿ, ಮಾಸ್ತರರ ದುಂಡಗಿನ ಅಕ್ಷರದಲ್ಲಿ, ಬಸ್ಸಿನ ಹೊತ್ತು ಬರೆದಿತ್ತು. ಇಡೀ ದಿನ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಬ್ಬೊಬ್ಬ ಕಂಡಕ್ಟರನನ್ನೂ ಕೇಳಿ ಬರೆದುಕೊಂಡು ಬಂದಿದ್ದರು. ಹೆಬ್ರಿಯ ವಿಳಾಸದ ಎದುರು, ಹಿಂದೆ ಬರುವ ಕೊನೆಯ ಬಸ್ಸು ನಾಲ್ಕೂಮುಕ್ಕಾಲು, ತಪ್ಪಿಸಬಾರದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ವಾರವನ್ನೂ ಅವರೇ ಹಂಚಿದ್ದರು. ಸೋಮವಾರ ಎಂದಿದ್ದ ಕಡೆ ಸೊಸೈಟಿಯ ಹೆಸರಿರಲಿಲ್ಲ. ಪೆರ್ಡೂರು, ಬೆಳಿಗ್ಗೆ ಏಳೂಕಾಲು ಎಂದಿತ್ತು.