ನಾನು ಬಚ್ಚಲಲ್ಲಿ ಬಿದ್ದಿರಲಿಲ್ಲ

ಮೊದಲು ನೋವು ಬರಲಿಲ್ಲ. ಸದ್ದು ಬಂತು. ಮೊಣಕಾಲು ಕಾರಿನ ಡ್ಯಾಶ್‌ಬೋರ್ಡಿಗೆ ಬಡಿದಾಗ ಒಣಗಿದ ತೊಗರಿ ಕಟ್ಟಿಗೆ ಮುರಿದಂತಹ ಸದ್ದು. ಅದು ನನ್ನದೇ ಕಾಲಿನದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ತಮ್ಮ ಅನಿಲ ಪಂಚಮಿ ಹಬ್ಬಕ್ಕೆಂದು ನನ್ನನ್ನು ಹುಮನಾಬಾದಿನ ಗಂಡನ ಮನೆಯಿಂದ ಬಸವಕಲ್ಯಾಣದ ತವರಿಗೆ ಕರೆದೊಯ್ಯುತ್ತಿದ್ದ. ಅಣ್ಣನೋ ತಮ್ಮನೋ ಬಂದು ಕರೆಯದೆ ಪಂಚಮಿಗೆ ಹೋದರೆ ನಮ್ಮಲ್ಲಿ ಅದು ಹೋದಂತೆಯೇ ಅಲ್ಲ. ಪ್ರತಿ ವರ್ಷ ಬಸ್ಸಿಗೆ ಬರುತ್ತಿದ್ದವನು ಈ ಸಲ ಸ್ವಂತ ಕಾರು ತಂದಿದ್ದ. ಓಣಿಯವರೆಲ್ಲ ನೋಡಲಿ ಎಂದು ನಾನೂ ಮುಂದಿನ ಸೀಟಿನಲ್ಲೇ ಕುಳಿತೆ. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಹೋದ. ರಸ್ತೆ ಒದ್ದೆಯಾಗಿತ್ತು. ನಿಧಾನ ಎಂದೆ, ಕೇಳಲಿಲ್ಲ. ಕಾರು ಡಿವೈಡರಿಗೆ ಗುದ್ದಿತು. ಅವನಿಗೆ ಒಂದು ಗೀರೂ ಬೀಳಲಿಲ್ಲ.

ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಸುದ್ದಿ ಕೇಳಿ ಓಡಿ ಬಂದಿದ್ದ ಅವ್ವ ಹೇಳಿದಳು.

"ಬಚ್ಚಲದಾಗ ಜಾರಿ ಬಿದ್ಲ್ರಿ ಸಾಹೇಬ್ರ."

ಡಾಕ್ಟರು ನನ್ನ ಮುಖ ನೋಡಿದರು. ಅಲ್ಲಿ ನೋವು ಬಿಟ್ಟು ಬೇರೇನೂ ಇರಲಿಲ್ಲ. ಬರೆದುಕೊಂಡರು.

ಆಕ್ಸಿಡೆಂಟ್ ಎಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಪೊಲೀಸರು ಬಂದರೆ ಮಗನ ಮೇಲೆ ಕೇಸು. ಅನಿಲ ಶಾಲೆಯೊಂದರ ವ್ಯಾನ್ ಓಡಿಸುತ್ತಾನೆ. ಕೇಸಿರುವ ಡ್ರೈವರನ ಕೈಗೆ ಯಾರು ತಮ್ಮ ಮಕ್ಕಳನ್ನು ಕೊಡುತ್ತಾರೆ? ಅವ್ವನ ಲೆಕ್ಕ ಅಷ್ಟೇ. ನಮ್ಮ ಕಡೆ ಹೀಗೆ ಬಚ್ಚಲಲ್ಲಿ ಬಿದ್ದವರನ್ನೆಲ್ಲ ಎಣಿಸಿದರೆ ಊರಿನ ಬಚ್ಚಲುಗಳು ಸಾಲುವುದಿಲ್ಲ.

ಮೊಣಕಾಲಿನ ಕೆಳಗಿನ ಎಲುಬು ಒಡೆದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಹಬ್ಬಕ್ಕೆಂದು ಬಂದವಳು ತವರಲ್ಲೇ ಹಾಸಿಗೆ ಹಿಡಿದೆ. ಬೆಡ್‌ಪ್ಯಾನ್ ಇಡುವವಳು ತಮ್ಮನ ಹೆಂಡತಿ, ಅದೂ ಒಂದು ದಿನವೂ ಮುಖ ಸಿಂಡರಿಸದೆ. ಬೆಳಿಗ್ಗೆ ವ್ಯಾನಿಗೆ ಹೋಗುವ ಮೊದಲು ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಕಾಲು ಮಡಚುವವನು ತಮ್ಮ. ಎಷ್ಟು ಮಡಚಿದರೂ ಕಾಲು ಒಂದು ಕಡೆ ಬಂದು ನಿಲ್ಲುತ್ತಿತ್ತು.

ಹುಮನಾಬಾದಿನಲ್ಲಿ ನನ್ನ ಕೆಲಸ ಖಡಕ್ ರೊಟ್ಟಿ ಮಾಡಿ ಮಾರುವುದು. ಕಾಲು ಮಡಚಿ ನೆಲದ ಮೇಲೆ ಕುಳಿತರೇ ಕೈಗೆ ಬಲ. ಆ ಒಲೆಯ ಮುಂದೆ ನಾನು ಯಾರ ಮಾತೂ ಕೇಳಬೇಕಿರಲಿಲ್ಲ.

"ಪ್ಲೇಟ್ ಛಲೋ ಕೂತದ," ಎಂದರು ಮತ್ತೆ ತೋರಿಸಲು ಹೋದಾಗ ಡಾಕ್ಟರು. "ಆದ್ರ ಮೊಣಕಾಲು ಸ್ಟಿಫ್ ಆಗ್ಯದ. ಇನ್ನೊಂದು ಆಪರೇಷನ್ ಬೇಕು. ತಡ ಮಾಡಿದ್ರ ಇಷ್ಟಕ್ಕೇ ನಿಲ್ತದ."

ಇನ್ನೊಂದಕ್ಕೆ ಯಾರ ಕೈಯಲ್ಲೂ ಏನೂ ಉಳಿದಿರಲಿಲ್ಲ. ಹುಮನಾಬಾದಿನಿಂದ ನನ್ನ ಗಂಡ ಇನ್ಶೂರೆನ್ಸ್ ಏಜೆಂಟರನ್ನು ಕರೆದುಕೊಂಡು ಬಂದರು.

"ಕಾರಿನ ಪಾಲಿಸ್ಯಾಗ ಪರ್ಸನಲ್ ಆಕ್ಸಿಡೆಂಟ್ ಅಂತ ಅದಲ್ರಿ?" ಎಂದು ಅವರು ಏಜೆಂಟರನ್ನು ಕೇಳಿದರು.

"ಅದು ಮಾಲಕಗ ಅಷ್ಟರಿ. ಗಾಡಿ ಅವನ ಹೆಸರಿಲೆ ಇರಬೇಕು, ಅವನೇ ಹೊಡಿತಿರಬೇಕು. ಬಾಜೂ ಕುಂತವ್ರಿಗೆ ಬ್ಯಾರೆ ಹಾಕ್ಸಬೇಕಿತ್ತು. ಹಾಕ್ಸಿಲ್ಲ."

"ಅವಗ ಹಿಂಗ ಆಗಿದ್ರ?"

"ಜೀವ ಹೋದ್ರ, ಇಲ್ಲಾ ಕೈಕಾಲು ಕಣ್ಣು ಕಾಯಂ ಹೋದ್ರ ಸಿಗ್ತದ. ಮುರಿದದ್ದಕ್ಕ ಇಲ್ರಿ."

ನಾನು ನನ್ನ ಕಾಲು ನೋಡಿಕೊಂಡೆ. ಪಾಪ, ಅದು ಹೋಗಿರಲಿಲ್ಲ.

"ಒಂದು ದಾರಿ ಅದ ಅಕ್ಕಾರ," ಎಂದರು ಏಜೆಂಟರು. "ಪಾಲಿಸಿ ಫುಲ್ ಅದ. ಒಳಗ ಕುಂತವ್ರು ಕೋರ್ಟಿನಾಗ ಪರಿಹಾರ ಕೇಳಬಹುದು, ಕಂಪನಿ ಕೊಡ್ತದ. ಆದ್ರ ಡ್ರೈವರಂದು ತಪ್ಪು ಅಂತ ನೀವು ತೋರಸಬೇಕು. ಪೊಲೀಸ್ ಕೇಸ್ ಬೇಕು. ಆಸ್ಪತ್ರ್ಯಾಗ ನೋಡಿದ್ರ ಬಚ್ಚಲ ಅಂತ ಅದ."

ಡ್ರೈವರ್ ಎಂದರೆ ಅನಿಲ.

ಅವರು ಹೋದ ಮೇಲೆ ಅವ್ವ ಬಾಗಿಲಲ್ಲಿ ನಿಂತಳು. "ಪಂಚಮಿಗಿ ಕರಿಲಾಕ ಬಂದ ತಮ್ಮನ ಮ್ಯಾಲ ಕೇಸ್ ಹಾಕ್ತಿ? ಮಂದಿಗಿ ಹ್ಯಾಂಗ ಮಾರಿ ತೋರಸ್ಲಿ?"

ಅತ್ತ ದರಿ, ಇತ್ತ ಪುಲಿ. ಕೇಸು ಹಾಕಿದರೆ ಅವನ ಅನ್ನ, ಹಾಕದಿದ್ದರೆ ನನ್ನದು. ಮಲಗಿರುವುದು ಅವನ ಮನೆಯ ಹಾಸಿಗೆ, ಉಣ್ಣುವುದು ಅವನ ಹೆಂಡತಿ ಬಡಿಸಿದ್ದು. ಅವ್ವನ ಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ಎದ್ದು ಹೋಗುವುದಕ್ಕೂ ಕಾಲು ಬೇಕು. ಇಡೀ ದಿನ ಎದುರಿನ ಗೋಡೆ ನೋಡುತ್ತಿದ್ದೆ.

ಮರುದಿನ ಕಾಲು ಮಡಚುವಾಗ ಅನಿಲನಿಗೆ ನಾನೇ ಎಲ್ಲ ಹೇಳಿದೆ. ಅವನ ಕೈ ನಿಂತಿತು. ಎದ್ದು ಹೋದ. ಅದರ ಮರುದಿನ ಕಾಲು ಮಡಚಲು ಬರಲಿಲ್ಲ. ಆಮೇಲೂ ಬರಲಿಲ್ಲ. ನನಗೆ ತವರು ಮುಗಿಯಿತು ಎಂದುಕೊಂಡೆ.

ಒಂದು ಮಧ್ಯಾಹ್ನ ಪೊಲೀಸಪ್ಪನೊಬ್ಬ ಒಳಗೆ ಬಂದ. ಹಿಂದೆ ಅನಿಲ. ಆಸ್ಪತ್ರೆಗೆ ಹೋಗಿ ನಿಜ ಹೇಳಿ, ಡಾಕ್ಟರಿಂದ ಬೈಸಿಕೊಂಡು, ಅಲ್ಲಿಂದ ಠಾಣೆಗೂ ಹೋಗಿ ಬಂದಿದ್ದ.

"ಗಾಡಿ ಹ್ಯಾಂಗ ಹೊಡಿತಿದ್ದ?" ಪೊಲೀಸಪ್ಪ ನನ್ನನ್ನು ಕೇಳಿದ.

ಒಳಗೆ ಅವ್ವನ ಪಾತ್ರೆಯ ಸದ್ದು ನಿಂತಿತು.

"ಹೇಳು ಅಕ್ಕ," ಎಂದ ಅನಿಲ. "ನಾ ಹೇಳಿ ಬಂದೀನಿ. ನೀನೂ ಹೇಳು."

"ಜೋರ ಹೊಡಿತಿದ್ದ್ರಿ. ನಿಧಾನ ಅಂದೆ. ಕೇಳಲಿಲ್ಲ."

ಹೆರಿಗೆಯಲ್ಲೂ ನಾನು ಅಷ್ಟು ಕಷ್ಟಪಟ್ಟಿರಲಿಲ್ಲ.

ಈಗ ಅರ್ಜಿ ಕೋರ್ಟಿಗೆ ಹೋಗಿದೆ. ಮೊದಲು ಬಚ್ಚಲು ಎಂದದ್ದೇಕೆ ಎಂದು ಕಂಪನಿಯ ವಕೀಲರು ಕೇಳೇ ಕೇಳುತ್ತಾರಂತೆ. ಸಿಗಬಹುದು, ಸಿಗದೆಯೂ ಇರಬಹುದು. ಕೇಸು ಮುಗಿಯುವವರೆಗೆ ವ್ಯಾನಿಗೆ ಬರಬೇಡ ಎಂದು ಶಾಲೆಯವರು ಅನಿಲನಿಗೆ ಹೇಳಿದ್ದಾರೆ. ಆಪರೇಷನ್ನಿನ ದಿನ ಇನ್ನೂ ಗೊತ್ತಾಗಿಲ್ಲ. ಆದರೂ ಆ ಹೇಳಿಕೆ ಕೊಟ್ಟ ರಾತ್ರಿ ನನಗೆ ನಿದ್ದೆ ಬಂತು, ಅದಕ್ಕೆ ತಮ್ಮನಿಗೆ ನಾನು ಋಣಿ.

ಅವ್ವ ಕೆಲವು ದಿನ ನನ್ನ ಕೋಣೆಗೆ ಬರಲಿಲ್ಲ. ನಿನ್ನೆ ಬೆಳಿಗ್ಗೆ ಅನಿಲ ನನ್ನ ಕಾಲು ಮಡಚುತ್ತಿದ್ದಾಗ ಬಂದು, ಹಾಸಿಗೆಯ ತುದಿಯಲ್ಲಿ ಕುಳಿತಳು.

"ಅವತ್ತ ದವಾಖಾನ್ಯಾಗ ನಾ ನಿನ್ನ ಕಾಲ ನೋಡ್ಲೇ ಇಲ್ಲ," ಎಂದಳು. "ಇವನ್ನಷ್ಟೇ ನೋಡ್ದೆ."

ನಾನು ಅತ್ತೆ. ಕಾಲು ಮುರಿದ ದಿನವೂ ಹಾಗೆ ಅತ್ತಿರಲಿಲ್ಲ. ಅವ್ವ ಸಮಾಧಾನ ಮಾಡಲಿಲ್ಲ. ಅನಿಲನನ್ನು ಸರಿಸಿ, ನನ್ನ ಹಿಮ್ಮಡಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಎಷ್ಟು ಮಡಚಬೇಕೋ, ತೋರ್ಸು," ಎಂದಳು ಅವನಿಗೆ.