ಸಾಹುಕಾರರು ಬಿಗಿದ ಬೋಲ್ಟು

ಗೆಳೆಯರೇ, ಮೋಟಾರು ಕೊಂಡವರೆಲ್ಲ ಮೆಕ್ಯಾನಿಕ್ಕುಗಳೂ ಆಗಿಬಿಡುತ್ತಾರೆ ಎಂಬುದನ್ನು ಇವತ್ತು ಇಚಲಕರಂಜಿಯ ನನ್ನ ಮಗ್ಗ ರಿಪೇರಿ ಅಂಗಡಿಯ ಮುಂದೆಯೇ ಕಂಡೆ. ಕೊರೋಚಿಯ ಸಾಹುಕಾರರೊಬ್ಬರು ತಾಯಿಯನ್ನು ಕಣ್ಣಿನ ಆಪರೇಷನ್ನಿಗೆ ಕೊಲ್ಹಾಪುರಕ್ಕೆ ಕರೆದೊಯ್ಯುತ್ತಿದ್ದರು. ಅವರ ಮೋಟಾರು ನನ್ನ ಬಾಗಿಲಲ್ಲೇ ನಿಂತಿತು; ಇಂಜಿನ್ನಿನ ತಳದಿಂದ ಎಣ್ಣೆ ಸುರಿಯುತ್ತಿತ್ತು. ಬಗ್ಗಿ ನೋಡಿದರೆ, ಆಟೆಗಳೆಲ್ಲ, ಅಂದರೆ ತಿರುಪಿನ ಗೆರೆಗಳೆಲ್ಲ, ಕಿತ್ತುಹೋಗಿ ಎಣ್ಣೆ ಇಳಿಸುವ ತೂತಿನ ಬೋಲ್ಟು ಸುಮ್ಮನೆ ಗರಗರ ತಿರುಗುತ್ತಿದೆ.

"ಯಾರ್ರಿ ಇದನ್ನ ಬಿಗದಾವ್ರು?" ಎಂದೆ.

"ನಾನ! ಬೋಲ್ಟ ತಿರುವೂ ಪಾನಾಕ್ಕ ಪೈಪ್ ಹಾಕಿ, ಮೈಯಾಗಿನ ಜೋರೆಲ್ಲಾ ಹಾಕಿ ಬಿಗದೇನಿ," ಎಂದರು ಹೆಮ್ಮೆಯಿಂದ. "ಕಂಪನಿ ಮಾಲ ಭಾಳ ಹಲಕಾ ಐತಿ. ಈ ಯುದ್ಧದಾಗ ಹೊಸಾದು ಸಿಗೂದಿಲ್ಲ. ನೀ ಮಗ್ಗದಾಂವ, ನಿನಗೇನ್ ತಿಳೀತೈತಿ ಇದು?"

ನಾನು ತೂತನ್ನು ಕೊಂಚ ದೊಡ್ಡದು ಮಾಡಿ, ಹೊಸ ಆಟೆ ಕೊರೆದು, ಮಗ್ಗದ ದಪ್ಪ ಬೋಲ್ಟೊಂದನ್ನು ಕೂರಿಸಿದೆ. ಎಣ್ಣೆ ತುಂಬಿದೆವು. ಒಂದು ಹನಿಯೂ ಜಿನುಗಲಿಲ್ಲ.

ಸಾಹುಕಾರರಿಗೆ ಸಮಾಧಾನವಾಗಲಿಲ್ಲ. "ತಡಿ, ಇನ್ನೊಂದ ಸುತ್ತ ಬಿಗೀತೇನಿ," ಎಂದು ನನ್ನ ಪಾನಾ ಎತ್ತಿಕೊಂಡರು.

ಹಿಂದಿನ ಸೀಟಿನಿಂದ ಅವರ ತಾಯಿ ಕೈ ಚಾಚಿದರು. "ಕೊಡೋ ಇಲ್ಲೆ ಅದನ್ನ! ದವಾಖಾನ್ಯಾಗ ಡಾಕ್ಟರ್ ಕೈಯಾಗಿನ ಚಾಕೂನೂ ಕಸಗೋತಿ ನೀ!"

ಪಾನಾ ಕಸಿದುಕೊಂಡು ಅದರ ಮೇಲೆಯೇ ಕೂತರು. ಮಗ ತೆಪ್ಪಗೆ ಗಾಡಿ ಹೊಡೆದರು. ಊರಿನ ಮೋಟಾರುಗಳ ಕ್ಷೇಮಕ್ಕಾಗಿ ನಾನೂ ಪಾನಾ ವಾಪಸು ಕೇಳಲಿಲ್ಲ.